ಚಪ್ಪಲಿ ಒತ್ತೆಯಿಟ್ಟುಕೊಂಡ ಕೋಚ್

ಗಲ್ಫ್ ನಗರವೊಂದರ ಘಾಲಾ ಬಡಾವಣೆಯ ಗ್ಯಾರೇಜೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ನಮ್ಮ ಕ್ರಿಕೆಟ್ ಕೋಚ್, ಆಟಗಾರರನ್ನು ಮೈದಾನದಲ್ಲಿ ಹುಡುಕುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ಜಾರಿದ ಮೊಟ್ಟೆಯನ್ನು ಒಬ್ಬ ಹುಡುಗ ಗಾಳಿಯಲ್ಲೇ ಹಿಡಿದಾಗ, "ಕೈ ಉಂಟು ಮಾರಾಯ್ರೇ!" ಎಂದು ಕುಣಿದಿದ್ದರಂತೆ. ನಮ್ಮ ತಂಡಕ್ಕೆ ವಿಕೆಟ್ ಕೀಪರ್ ಸಿಕ್ಕಿದ್ದು ಹಾಗೆ.

ನಾನು ಸಿಕ್ಕಿದ್ದು ಒಂದು ಆಡಿನಿಂದ. ಎಂಬತ್ತರ ದಶಕದ ಕೊನೆ, ಅದೇ ನಗರದ ಅಲ್ ಹೈಲ್‌ನ ನಮ್ಮ ಮನೆ. ಅಂಗಳದಲ್ಲಿ ಒಣಹಾಕಿದ್ದ ನನ್ನ ಯೂನಿಫಾರ್ಮನ್ನು ಆಡೊಂದು ಜಗಿಯುತ್ತಿರುವುದು ಮಹಡಿಯಿಂದ ಕಂಡಿತು. ಎಡಗಾಲಿನ ಚಪ್ಪಲಿ ಕಳಚಿ ಬೀಸಿದೆ. ನೇರ ಅದರ ಬೆನ್ನಿಗೆ! ದಾರಿಯಲ್ಲಿ ಹೋಗುತ್ತಾ ಅದನ್ನು ಕಂಡಿದ್ದ ಕೋಚ್ ಐದು ನಿಮಿಷದಲ್ಲಿ ಬಾಗಿಲಲ್ಲಿ, ಕೈಯಲ್ಲಿ ನನ್ನ ಚಪ್ಪಲಿ. ಆಡಿನ ಯಜಮಾನನೆಂದು ಹೆದರಿದ ಅಮ್ಮ ಹಿಂದಿಯಲ್ಲಿ ಕ್ಷಮೆ ಕೇಳತೊಡಗಿದಳು. ಆ ಹಿಂದಿಯ ರಾಗದಲ್ಲೇ ನಾವೂ ತಮ್ಮ ಊರಿನ ಕಡೆಯವರೆಂದು ಅವರು ಗುರುತಿಸಿದರು.

"ಅಕ್ಕಾ, ಮಗಳಿಗೆ ಕೈ ಉಂಟು! ಚಪ್ಪಲಿ ಬೇಕಾದ್ರೆ ಶುಕ್ರವಾರ ಗ್ರೌಂಡಿಗೆ ಕಳಿಸಿ," ಎಂದು ಅದನ್ನು ಹಿಡಿದುಕೊಂಡೇ ಇಳಿದು ಹೋದರು.

ಶೂ ಹಾಕಿಕೊಂಡು ಹೋದೆ. ಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ಎದುರಾಳಿಗಳ ಕೊನೆಯ ಜೋಡಿಗೆ ಗೆಲ್ಲಲು ಎರಡೇ ರನ್ ಬೇಕಿದ್ದಾಗ ಚೆಂಡು ನನ್ನ ಕೈಗೇ ಬಂತು. ಅವರು ಓಡತೊಡಗಿದರು, ನಾನು ಕಲ್ಲಾಗಿ ನಿಂತೆ.

"ಯೂನಿಫಾರ್ಮ್ ತಿಂತಾ ಉಂಟು, ಬಿಸಾಡು!" ಕೋಚ್ ಕಿರುಚಿದರು.

ಬಿಸಾಡಿದೆ. ಸ್ಟಂಪು ಹಾರಿತು. "ಖಲಾಸ್!" ಎಂದು ಕೋಚ್ ಪಿಚ್ಚಿನ ಮ್ಯಾಟಿನ ಮೇಲೆ ಉರುಳಾಡಿಬಿಟ್ಟರು. ಆಮೇಲೆ ತಮ್ಮ ಪಿಕಪ್ ಗಾಡಿಯ ಸೀಟಿನಡಿಯಿಂದ ನನ್ನ ಚಪ್ಪಲಿ ತೆಗೆದುಕೊಟ್ಟು, "ಈಗ ಎಡಗಾಲಿನ ಶೂ ಕೊಡು. ಬರುವ ಶುಕ್ರವಾರ ಸಿಗ್ತದೆ," ಎಂದರು.

ಅವರ ಮಾತು ಮುಗಿಯುವಷ್ಟರಲ್ಲಿ ನಾನು ಲೇಸು ಬಿಚ್ಚಿಯಾಗಿತ್ತು.