ಅವ್ವನ ಜಗಳದ ಚಿತ್ರ

ಮರಾಠಿ ಸೀಮೆಯ ನಮ್ಮ ಕಡೆ ಊರೂರೇ ಕುಸಿದ ಭೂಕಂಪ ಆದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಉಮರ್ಗಾದವಳು ಎಂದ ಕೂಡಲೇ ಜನ ಅದನ್ನೇ ಕೇಳುತ್ತಾರೆ. ಉದಗೀರಿನಲ್ಲಿ ಅನಿಮೇಷನ್ ಕಲಿಯಲು ಸೇರಿದಾಗ ನಮ್ಮ ಸರ್ ಕೂಡ ಕೇಳಿದ್ದರು. ಆರ್ಟ್ ಗ್ಯಾಲರಿಯಲ್ಲಿ ವಿದ್ಯಾರ್ಥಿಗಳ ಅನಿಮೇಷನ್ ಚಿತ್ರಗಳ ಪ್ರದರ್ಶನ ಎಂದು ಗೊತ್ತಾದಾಗ ನನ್ನ ವಿಷಯವನ್ನು ಅವರೇ ಆರಿಸಿಬಿಟ್ಟರು.

"ನೀನು ಭೂಕಂಪ ಮಾಡು. ಬೀಳುವ ಗೋಡೆ, ಅಳುವ ಮಗು. ನೋಡಿದವರ ಕಣ್ಣು ಒದ್ದೆಯಾಗಬೇಕು" ಎಂದು ಮರಾಠಿಯಲ್ಲಿ ಹೇಳಿದರು.

ನಾನು ಮಾಡಿದ್ದು ಅವ್ವನ ಜಗಳ. ಚಿಕ್ಕವಳಿದ್ದಾಗ ಅವಳ ಜೊತೆ ನಿಲಂಗಾದ ಚಿಕ್ಕಮ್ಮನ ಮನೆಗೆ ಹೊರಟಿದ್ದೆ. ಬಸ್ಸಿಗೆ ನೂಕುನುಗ್ಗಲು. ಅವ್ವ ಕಿಟಕಿಯಿಂದ ಚೀಲ ಒಗೆದು ಸೀಟು ಹಿಡಿದಿದ್ದಳು. ಒಳಗೆ ಹೋದರೆ ರುಮಾಲು ಸುತ್ತಿದ ದಢೂತಿ ಮನುಷ್ಯನೊಬ್ಬ ಚೀಲ ಕೆಳಗಿಟ್ಟು ಎರಡೂ ಸೀಟು ತುಂಬಿ ಕೂತಿದ್ದ. ಅವ್ವ ಅವನ ಮೊಣಕಾಲು ದಾಟಿ, ಕಿಟಕಿಯ ಸಂದಿಯಲ್ಲಿ ತೂರಿಕೊಂಡು, ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವನು ಮರಾಠಿಯಲ್ಲಿ ಬೈದ, ಇವಳು ಕನ್ನಡದಲ್ಲಿ ಬೈದಳು. ಬೈಯುತ್ತಲೇ ತಳ್ಳಿದಳು. ನಿಲಂಗಾ ಬರುವಷ್ಟರಲ್ಲಿ ಅವನ ಅರ್ಧ ಮೈ ಸೀಟಿನ ಹೊರಗಿತ್ತು.

ನನ್ನ ಚಿತ್ರದಲ್ಲಿ ರಸ್ತೆಯ ಒಂದೊಂದು ಗುಂಡಿಗೂ ಅವ್ವನ ಮೊಳಕೈ ಇಷ್ಟಿಷ್ಟೇ ಉದ್ದವಾಗುತ್ತದೆ. ದನಿ ಅವಳದೇ. "ಸರೀರೀ ಅತ್ತಾಗ! ಚೀಲ ನಂದು, ಜಾಗಾನೂ ನಂದು!"

ಸರ್ ಒಮ್ಮೆಯೂ ನಗಲಿಲ್ಲ. "ಇದರಲ್ಲಿ ನಮ್ಮ ಭಾಗದ ನೋವೆಲ್ಲಿ? ಅದೂ ಕನ್ನಡದಲ್ಲಿ! ಬದಲಿಸು, ಇಲ್ಲವಾದರೆ ಹಾಲ್‌ನಲ್ಲಿ ಜಾಗವಿಲ್ಲ" ಎಂದರು. ಅವ್ವ ಜಗಳ ಆಡಿದ ಭಾಷೆ ಅದೇ, ಬದಲಿಸುವುದಿಲ್ಲ ಎಂದೆ. ಪ್ರದರ್ಶನದ ಮೊದಲ ದಿನ ನನ್ನ ಪರದೆಯನ್ನು ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಇಟ್ಟರು. ಹಾಲ್‌ನಿಂದ ಕುರ್ಚಿಯೊಂದನ್ನು ಕೇಳದೇ ಎತ್ತಿಕೊಂಡು ಬಂದು ಪರದೆಯ ಪಕ್ಕ ಕೂತೆ.

ಉಮರ್ಗಾದಿಂದ ಅವ್ವ ಬಂದಳು. ಪರದೆಯ ಮೇಲೆ ತನ್ನನ್ನೇ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮೂಗು ಭಾಳ ದೊಡ್ಡದು ಮಾಡೀದಿ ನೋಡು!"

ಚಪ್ಪಲಿ ಬಿಡಲು ಬಗ್ಗಿದವರು ಬಗ್ಗಿದಲ್ಲೇ ನಿಂತು ನಗತೊಡಗಿದರು. ಬಾಗಿಲಿಗೆ ಅಡ್ಡವಾಗಿ ಜನ. ಸರ್ ಜೊತೆ ಬಂದ ಮುಖ್ಯ ಅತಿಥಿ ಒಳಗೆ ಹೋಗಲಾಗದೆ ಅಲ್ಲೇ ನಿಂತು ಪೂರ್ತಿ ನೋಡಿದರು. ಕೊನೆಗೆ, "ಉಮರ್ಗಾದವಳಂತೆ. ಭೂಕಂಪ ಯಾಕೆ ತೋರಿಸಲಿಲ್ಲ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದಳು. ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದಳು.

"ಭೂಕಂಪ ನಾ ಕಂಡೀನ್ರೀ. ಮದಿವಿ ಆಗಿ ಬಂದ ವರ್ಷಾನೇ ನಮ್ಮತ್ತಿನ ಕಳಕೊಂಡೆ. ಆಮ್ಯಾಲ ಬಸ್ಸೂ ಹತ್ತೀನಿ, ಜಗಳಾನೂ ಆಡೀನಿ, ಇಕೀನೂ ಹಡದೀನಿ. ಇದನ್ನ ಯಾರ್ ತೋರಸಬೇಕ್ರೀ?"

ಒಂದು ಮಾತೂ ಬಿಡದೆ ಮರಾಠಿಗೆ ತಿರುಗಿಸಿ ಹೇಳಿದೆ, ಸರ್ ಮುಖ ನೋಡುತ್ತಲೇ. ಅತಿಥಿ ಅವ್ವನಿಗೆ ಕೈ ಮುಗಿದು ಒಳಗೆ ಹೋದರು.

ಪ್ರದರ್ಶನದ ಬಹುಮಾನ ಭೂಕಂಪದ, ಬೀಳುವ ಗೋಡೆಗಳ ಚಿತ್ರಕ್ಕೇ ಬಂತು. ಅದನ್ನು ಮಾಡಿದವನು ನನ್ನ ಸಹಪಾಠಿ, ನನಗಿಂತ ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಮರುದಿನ ಬಾಗಿಲಲ್ಲಿ ಮತ್ತೆ ಗುಂಪು ಕಟ್ಟಿದಾಗ ಸರ್ ಬಂದು, ಪರದೆಯನ್ನು ಹಾಲ್‌ಗೆ ತಗೊಂಡು ಬಾ ಎಂದರು.

ಒಲ್ಲೆ ಎಂದೆ. ನೋಡುವವರು ಇಲ್ಲಿಗೇ ಬರಲಿ.