ಕುದುರೆಯ ಬಣ್ಣ

ಪಕ್ಕದ ಮನೆಯ ಮಾವನ ಬಲಗೈ ಸದಾ ನನ್ನ ಭುಜದ ಮೇಲಿರುತ್ತಿತ್ತು. ಎಣ್ಣೆ ಉಗುರಿನ ಸಂದಿಗೆ ಇಳಿದು ಕಪ್ಪಾದ, ಭಾರದ ಕೈ. ಮುಂಬಯಿ ಹೊರವಲಯದ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಅದು ಬಿಗಿಯಾಗುತ್ತಿತ್ತು. ಪ್ರೀತಿ ಎಂದುಕೊಂಡಿದ್ದೆ.

ಉಡುಪಿ ಕಡೆಯವರು. ಠಾಣೆ ಊರಿನ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದರು. ಬೆಳಗಿನ ಲೋಕಲ್ ರೈಲಿನ ಬೇರೆ ಡಬ್ಬಿಗಳಲ್ಲಿ ಭಜನೆ ನಡೆದರೆ, ನಮ್ಮ ಗುಂಪಿಗೆ ಮಾವ ಇಂಗ್ಲಿಷ್ ಸಿನಿಮಾದ ಕಥೆ ಹೇಳುತ್ತಿದ್ದರು. ಎಂ.ಎ. ಓದುತ್ತಿದ್ದ ನಾನು ಎಲ್ಲವನ್ನೂ ಸಂಶಯಿಸುತ್ತಿದ್ದೆ, ಅವರ ಕಥೆಗಳನ್ನು ಬಿಟ್ಟು.

ಅವರಿಗೆ ಒಂದು ಕೌಬಾಯ್ ಕಾದಂಬರಿ ಪ್ರಾಣ. ಕೊನೆಯಲ್ಲಿ ವಿಧವೆಯೊಬ್ಬಳು ತನ್ನ ಗಂಡನನ್ನು ಕೊಂದವನಿಗೆ ನೀರು ಕೊಡುತ್ತಾಳೆ. ಅದರ ಹಳೆಯ ಕಪ್ಪುಬಿಳುಪು ಸಿನಿಮಾದಲ್ಲಿ ಗುಂಡು ಹೊಡೆಯುತ್ತಾಳೆ. "ಪುಸ್ತಕ ಓದದವ ಮಾಡಿದ್ದು," ಎಂದು ಮಾವ ಬೈಯುತ್ತಿದ್ದರು. ಅದೇ ಕಥೆ ಬಣ್ಣದಲ್ಲಿ ಮತ್ತೆ ಬಂದಾಗ ಭಾನುವಾರ ನನ್ನನ್ನು ಠಾಣೆಗೆ ಎಳೆದುಕೊಂಡು ಹೋದರು.

ಕೊನೆಯ ದೃಶ್ಯದಲ್ಲಿ ಅವರ ಕೈ ನನ್ನ ಭುಜ ಹಿಂಡಿತು. "ಕೊಟ್ಟಳಾ?"

ಪರದೆಯ ತುಂಬ ಅವಳೇ ಇದ್ದಳು. ನಾನು ಅವರ ಮುಖ ನೋಡಿದೆ. "ಕೊಟ್ಟಳು," ಎಂದೆ.

"ಒಂದು ವರ್ಷದಿಂದ ಕಣ್ಣು ಮಬ್ಬು ಮಾರಾಯ," ಎಂದರು ಹೊರಗೆ ಬಂದು. "ಯಾರಿಗೂ ಹೇಳ್ಬೇಡ, ಕೆಲಸ ಹೋಗ್ತದೆ. ಕೈಗೆ ಅಭ್ಯಾಸ ಉಂಟು, ಹೇಗೋ ನಡೀತದೆ."

ಪ್ರೆಸ್ಸಿಗೆ ಬೆರಳು ಕೊಟ್ಟವರು ನಮ್ಮ ಚಾಳಿನ ಸಾಲುಮನೆಗಳಲ್ಲೇ ಇದ್ದರು. ಆ ರಾತ್ರಿಯೆಲ್ಲ ಯಂತ್ರ ನನ್ನ ಕಿವಿಯಲ್ಲಿ ಬಡಿಯಿತು.

ಸೋಮವಾರ ಲೋಕಲ್‌ನಲ್ಲಿ ಎಲ್ಲರೂ ತೀರ್ಪಿಗೆ ಕಾದಿದ್ದರು. "ಹಳೆಯದಕ್ಕಿಂತ ಇದು ಮೇಲು. ಗುಂಡಿನ ಸದ್ದು ಕಡಿಮೆ, ಗಾಳಿಯ ಸದ್ದು ಜಾಸ್ತಿ," ಎಂದು ಮಾವ ಶುರುಮಾಡಿದರು.

ಅವರ ಕಾರ್ಖಾನೆಯ ಫೋರ್‌ಮನ್, ಬಿಜಾಪುರದವನು, ನಕ್ಕ. "ಅಲ್ರೀ ಮಾವಾರ, ಬಣ್ಣದ ಸಿನಿಮಾ ಅಂತೀರಿ, ಬರೇ ಸಪ್ಪಳಾನೇ ಹೇಳಾಕತ್ತೀರಿ. ಕುದ್ರಿ ಯಾವ ಬಣ್ಣದ್ದಿತ್ತು?"

ಮಾವ ಬಾಯಿ ತೆರೆಯುವ ಮೊದಲೇ ನಾನು, "ಕಂದು," ಎಂದುಬಿಟ್ಟೆ.

"ಇರ್ಬಹುದು," ಎಂದರು ಮಾವ ನಿಧಾನವಾಗಿ. "ನನಗೆ ಕಾಣ್ಲಿಲ್ಲ. ನಿಮ್ಮ ಪ್ರೆಸ್ಸೂ ಕಾಣುದಿಲ್ಲ."

ಠಾಣೆಯಲ್ಲಿ ಫೋರ್‌ಮನ್ನೇ ಅವರ ಕೈಹಿಡಿದು ಇಳಿಸಿಕೊಂಡ.

ಕೆಲಸ ಹೋಯಿತು. ಮಾವನ ಹೆಂಡತಿ, ಮಾಮಿ, ಹೋಟೆಲುಗಳಿಗೆ ಇಡ್ಲಿ ಮಾಡಿಕೊಡತೊಡಗಿದರು. ಮಾವ ಪಕ್ಕದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು.

ಕುದುರೆ ಕಂದಾಗಿತ್ತೋ, ಹೆದರಿ ಹಾಗೆಂದೆನೋ, ಈಗ ತಿಳಿಯದು. ಆ ವಿಧವೆ ನೀರು ಕೊಟ್ಟಿದ್ದೂ ಅನುಮಾನವೇ. ಆದರೆ ಮಾವ ತೀರಿಕೊಂಡ ದಿನ ಎದೆಯ ಮೇಲೆ ಜೋಡಿಸಿಟ್ಟ ಅವರ ಕೈಗಳನ್ನು ನೋಡಿದ್ದೇನೆ. ಹತ್ತು ಬೆರಳೂ ಇದ್ದವು.