ಅಜ್ಜಿಯ ಮೊಣಕಾಲು

ಎಪ್ಪತ್ತರ ದಶಕದ ಕೊನೆ. ರಾಯಚೂರಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ದೂರದ ಅಕ್ಕಿ ಗಿರಣಿಯ ಸದ್ದಿನೊಳಗೆ ಮಧ್ಯಾಹ್ನದ ಪಾಠ ಅರೆನಿದ್ದೆಯಲ್ಲೇ ಕಿವಿಗೆ ಬೀಳುತ್ತಿತ್ತು. ಸ್ನಾಯುವಿನೊಳಗೆ ಎರಡು ಬಗೆಯ ಎಳೆಗಳಂತೆ. ತೆಳುವಾದದ್ದು ಆ್ಯಕ್ಟಿನ್, ದಪ್ಪನೆಯದು ಮಯೋಸಿನ್. ಕ್ಯಾಲ್ಸಿಯಂ ಬಂದು ತೆಳು ಎಳೆಯ ಮುಸುಕು ಸರಿಸಿದರೆ, ಮಯೋಸಿನ್ನಿನ ಪುಟ್ಟ ತಲೆಗಳು ಅದನ್ನು ಹಿಡಿದು ಜಗ್ಗಿ, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ, ಬಾವಿಯ ಹಗ್ಗ ಸೇದುವ ಕೈಗಳ ಹಾಗೆ. ಎಳೆ ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತದೆ. ಆಮೇಲೆ ಮೇಷ್ಟ್ರು ಅಂದ ಮಾತಿಗೆ ನನ್ನ ನಿದ್ದೆ ಹಾರಿತು: ಹಿಡಿದದ್ದನ್ನು ಬಿಡಬೇಕಾದರೂ ಆ ತಲೆಗೆ ಹೊಸ ಎಟಿಪಿ, ಅಂದರೆ ಜೀವಕೋಶದ ಇಂಧನ, ಬಂದು ಅಂಟಬೇಕು. ಬಿಡಲಿಕ್ಕೂ ಕಸುವೇ? ಎಂಥ ತಿರುಗಾಮುರುಗಾ ಲೆಕ್ಕ ಎಂದು ಸಿಟ್ಟು ಬಂತು.

ರಜೆಗೆ ಮಾನ್ವಿಯ ಮನೆಗೆ ಬಂದಿದ್ದಾಗ, ದೇವದುರ್ಗದಲ್ಲಿದ್ದ ಅಜ್ಜಿ, ಅವ್ವನ ತಾಯಿ, ಬೆಳಗಿನ ಜಾವ ತೀರಿಕೊಂಡಳು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಅದಕ್ಕೆ ಜೀವ ಹೋದ ಕೂಡಲೇ ಕಾಲು ಮಡಚಿ ಗೋಡೆಗೆ ಒರಗಿಸಬೇಕು. ಆದರೆ ಮಾವ, ತಾಯಿ ಮಲಗಿದ್ದಾಳೆಂದೇ ನಂಬಿ, ಎಬ್ಬಿಸಬೇಡಿರೆಂದು ಎಲ್ಲರಿಗೂ ಗದರಿ ಕೌದಿ ಹೊದಿಸಿಬಿಟ್ಟಿದ್ದ. ಹೊತ್ತೇರಿದ ಮೇಲೆ ನಿಜ ತಿಳಿದು ನಮಗೆ ಸುದ್ದಿ ಕಳಿಸಿದ್ದ.

ನಾವು ಬಸ್ಸಿಳಿದು ಹೋದಾಗ ಅಜ್ಜಿಯ ಕಾಲು ಕಟ್ಟಿಗೆಯಾಗಿದ್ದವು. ಬೆಳಕಿಂಡಿಯ ಬಿಸಿಲು ಕೌದಿಯ ಮೇಲೆ ನಿಧಾನ ಸರಿಯುತ್ತಿತ್ತು. ಮನೆಯೆಲ್ಲ ಕನಸಿನೊಳಗೆ ಇದ್ದಂತಿತ್ತು. ಹಿರಿಯರೊಬ್ಬರು, ಬಲ ಹಾಕಿ ಮಡಚೋಣ, ಸಂಜೆಯೊಳಗೆ ಮಣ್ಣಾಗಲಿ ಎಂದರು. ಅವ್ವ ಆ ಮೊಣಕಾಲುಗಳನ್ನು ಅಪ್ಪಿಕೊಂಡು ಕೂತಳು. ಬದುಕಿದ್ದಾಗಲೇ ವಾಯುವಿನಿಂದ ನೊಂದ ಮೊಣಕಾಲು ಅವು.

"ಮುರೀಬ್ಯಾಡ್ರಿ. ಆಕಿಗೆ ನೋವಾಗ್ತದ."

ನನಗೆ ತಡೆಯಲಾಗಲಿಲ್ಲ. ಉಸಿರು ನಿಂತ ಮೇಲೆ ಇಂಧನ ಹುಟ್ಟುವುದಿಲ್ಲ, ಕೊನೆಯ ಹಿಡಿತ ಹಾಗೇ ಉಳಿದುಬಿಡುತ್ತದೆ, ನಾಳೆಯ ಹೊತ್ತಿಗೆ ಎಳೆಗಳು ತಾವೇ ಹಾಳಾಗಿ ಸಡಿಲಾಗುತ್ತವೆ ಎಂದೆ. ನಾಲ್ಕಕ್ಷರ ಕಲಿತು ಹೆಣದ ಮುಂದೆ ಪಾಠ ಹೇಳುತ್ತಾಳೆ ಎಂದು ಯಾರೋ ಗೊಣಗಿದರು. ಪುಸ್ತಕ ಸುಳ್ಳಾದರೆ ಅವ್ವನಿಗೆ ಹೇಗೆ ಮುಖ ತೋರಿಸಲಿ ಎಂದು ನನಗೂ ಅಳುಕಿತ್ತು. ಮಾವ ನನ್ನನ್ನೇ ನೋಡಿ, "ಹಂಗಾರ ನಾಳಿಗೇ ಆಗಲಿ" ಎಂದ.

ಮರುದಿನ ಬಿಸಿಲೇರುವ ಮುಂಚೆ ಅವ್ವ ಅಜ್ಜಿಯ ಮೊಣಕಾಲಿನ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಿದಳು. ಕಾಲು ಮಡಚಿಕೊಂಡಿತು, ಕಟ್ಟೆಯ ಮೇಲೆ ಹೂ ಕಟ್ಟಲು ಕೂರುವಾಗ ಮಡಚುತ್ತಿದ್ದಂತೆಯೇ. ಮಾವ ಗೋಡೆಗೆ ಮುಖ ಮಾಡಿ ಅತ್ತ.

ಅಜ್ಜಿಯನ್ನು ಎತ್ತಲು ಗಂಡಸರು ಬಂದಾಗ ಅವ್ವ ಅವಳ ಕೈ ಹಿಡಿದಿದ್ದಳು. ಹಿಂದಿನ ದಿನದಿಂದ ಅವ್ವನ ಹೊಟ್ಟೆಗೆ ನೀರೂ ಇಳಿದಿರಲಿಲ್ಲ. ಬಿಡು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ.

"ಬಿಡಾಕ ಕಸುವಿಲ್ಲಬೇ ನನಗ" ಎಂದಳು.

ನಾನು ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.